ಸಂಘದ ವಂತಿಗೆ: ಕೊಡುವ ಮುಂಚೆ ಹಾಕಬೇಕಾದ ಲೆಕ್ಕ

(ಜಿಲ್ಲೆಯ ವಾದ್ಯಗಾರರು ಮತ್ತು ಹಾಡುಗಾರರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಓಲಗದವರು ಬಂದಿದ್ದೀರಿ, ಬ್ಯಾಂಡ್‌ಸೆಟ್ಟಿನವರು ಬಂದಿದ್ದೀರಿ, ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡು, ತಬಲಾ, ರಿದಂ ಪ್ಯಾಡು ನುಡಿಸುವವರು ಬಂದಿದ್ದೀರಿ. ನಾಟಕಕ್ಕೆ ಪೇಟಿ ಬಾರಿಸುವವರಿದ್ದೀರಿ. ಜನಪದ ಹಾಡುಗಾರರಿದ್ದೀರಿ. ಭಾವಗೀತೆ, ಭಕ್ತಿಗೀತೆ ಬರೆದವರು, ಅವಕ್ಕೆ ರಾಗ ಹಾಕಿಕೊಟ್ಟವರೂ ಇದ್ದೀರಿ. ನಿಮ್ಮೆಲ್ಲರ ಮುಂದೆ ಇಂದು ಇರುವ ಪ್ರಶ್ನೆ ಒಂದೇ. ಸಂಗೀತಗಾರರ ಸಂಘಕ್ಕೆ ಸೇರಿ ಎಂದು ಹಲವರು ಹೇಳುತ್ತಿದ್ದಾರೆ. ಸೇರಬೇಕಾದರೆ ಹಣ ಕಟ್ಟಬೇಕು. ಕಟ್ಟಿದ ಹಣಕ್ಕೆ ತಕ್ಕ ಫಲ ಉಂಟೆ, ಇಲ್ಲವೆ?

ಇದನ್ನು ಅಲ್ಪ ಪ್ರಶ್ನೆ ಎಂದು ಯಾರೂ ತಿಳಿಯಬಾರದು. ವಕೀಲರಿಗೋ ವೈದ್ಯರಿಗೋ ಸಂಘದ ಚಂದಾ ಒಂದು ದಿನದ ಕಾಫಿ ತಿಂಡಿಯ ಖರ್ಚು. ಆಷಾಢದಲ್ಲಿ ಲಗ್ನಗಳಿಲ್ಲದೆ ಡೋಲನ್ನು ಗೂಟಕ್ಕೆ ನೇತುಹಾಕಿ ಕೂತ ಮನುಷ್ಯನಿಗೆ ಅದೇ ಹಣ ಮನೆಯ ಹದಿನೈದು ದಿನದ ದಿನಸಿ. ಹೀಗಿರುವಾಗ "ಒಗ್ಗಟ್ಟಿನಲ್ಲಿ ಬಲವಿದೆ, ಸೇರಿಬಿಡಿ" ಎಂದು ಘೋಷಣೆ ಕೂಗಿ ನಿಮ್ಮನ್ನು ಮನೆಗೆ ಕಳಿಸುವುದು ನಮಗೆ ನ್ಯಾಯವಾಗಿ ಕಾಣುವುದಿಲ್ಲ. "ಸಂಘಗಳೆಲ್ಲ ಇಷ್ಟೇ, ಅಧ್ಯಕ್ಷನಿಗೆ ಹಾರ, ಖಜಾಂಚಿಗೆ ದುಡ್ಡು" ಎಂದು ಕೈಕೊಡವಿ ಎದ್ದುಹೋಗುವುದೂ ವಿವೇಕವಲ್ಲ. ಕುಳಿತು ಲೆಕ್ಕ ಹಾಕೋಣ. ಲೆಕ್ಕ ಹಾಕಿದ ಮೇಲೆ ಸೇರುವವರು ಸೇರಲಿ, ಬಿಡುವವರು ಬಿಡಲಿ.

ಹೆಸರು ಒಂದು, ಸಂಸ್ಥೆ ಮೂರು

ಮೊದಲು ತಿಳಿಯಬೇಕಾದ ಸಂಗತಿ ಇದು. "ಸಂಗೀತಗಾರರ ಸಂಘ" ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಸಂಸ್ಥೆಗಳು ಅಡಗಿವೆ.

ಒಂದನೆಯದು, ಹಾಡು ಬರೆದವರ ಮತ್ತು ರಾಗ ಹಾಕಿದವರ ಹಕ್ಕಿನ ಹಣ ವಸೂಲು ಮಾಡುವ ಸಂಘ. ನಿಮ್ಮ ಹಾಡು ರೇಡಿಯೋದಲ್ಲಿ, ಟೀವಿಯಲ್ಲಿ, ಹೋಟೆಲಿನಲ್ಲಿ, ಈಗ ಮೊಬೈಲಿನಲ್ಲಿ ಬಂದಾಗಲೆಲ್ಲ ನಿಮಗೆ ಸಲ್ಲಬೇಕಾದ ರಾಯಲ್ಟಿಯನ್ನು ಅದು ಕೂಡಿಹಾಕಿ ಹಂಚುತ್ತದೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ೧೯೬೯ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಹುಟ್ಟಿತು. ಎರಡನೆಯದು, ಧ್ವನಿಮುದ್ರಣದಲ್ಲಿ ಹಾಡಿದವರ, ನುಡಿಸಿದವರ ಪಾಲನ್ನು ಕೇಳುವ ಸಂಘ. ಗಾಯಕರ ಹಕ್ಕಿಗಾಗಿ ಇಂಥದೊಂದು ಸಂಘ ೨೦೧೩ರಲ್ಲಿ ಸರಕಾರದಲ್ಲಿ ನೋಂದಣಿಯಾಯಿತು. ಆಮೇಲೆ ವಾದ್ಯಗಾರರನ್ನೂ ಸೇರಿಸಿಕೊಂಡಿತು. ಮೂರನೆಯದು, ದಿನದ ದುಡಿಮೆಯ ದರ, ಬಾಕಿ ವಸೂಲಿ, ಕಷ್ಟಕಾಲದ ನೆರವು ಇವುಗಳಿಗಾಗಿ ದುಡಿಯುವವರೇ ಕಟ್ಟಿಕೊಳ್ಳುವ ಸಂಘ.

ಮೊದಲ ಎರಡು ಸಂಘಗಳು ಹಾಡಿಗೆ ಸಂಬಂಧಪಟ್ಟವು. ಮೂರನೆಯದು ಹಾಡುವ ಮನುಷ್ಯನಿಗೆ ಸಂಬಂಧಪಟ್ಟದ್ದು. ಈ ಭೇದ ಗೊತ್ತಿಲ್ಲದೆ ಹೋದರೆ ಕಟ್ಟಬೇಕಾದ ಕಡೆ ಕಟ್ಟುವುದಿಲ್ಲ, ಬೇಡದ ಕಡೆ ಕಟ್ಟಿ ಕೈಕಟ್ಟಿ ಕೂರುತ್ತೇವೆ.

ಸಕ್ಕರೆ ನೀರಿನ ಬಿಲ್ಲು

ಹಕ್ಕಿನ ಹಣಕ್ಕೆ ಸಂಘ ಯಾಕೆ ಬೇಕಾಯಿತು? ಇದರ ಕಥೆ ಫ್ರಾನ್ಸ್ ದೇಶದ್ದು. ೧೮೪೭ರಲ್ಲಿ ಪ್ಯಾರಿಸ್ಸಿನ ಒಂದು ಕಾಫಿಗೃಹಕ್ಕೆ ಎರ್ನೆಸ್ಟ್ ಬೂರ್ಜೆ ಎಂಬ ಹಾಡು ಬರೆಯುವವನು ಹೋದ. ಅವನ ಸಂಗಡ ಪಾಲ್ ಆನ್ರಿಯೋ, ವಿಕ್ತೋರ್ ಪಾರಿಜೋ ಎಂಬ ಸಂಗೀತ ರಚಕರು. ಅಲ್ಲಿ ಗಿರಾಕಿಗಳ ಮನರಂಜನೆಗೆಂದು ಹಾಡುತ್ತಿದ್ದದ್ದು ಇವರದೇ ಹಾಡುಗಳು. ಬಿಲ್ಲು ಬಂದಾಗ ಇವರು ಹಣ ಕೊಡಲು ಒಪ್ಪಲಿಲ್ಲ. ನಮ್ಮ ಹಾಡಿಗೆ ನೀವು ಕಾಸು ಕೊಡುವುದಿಲ್ಲ, ನಿಮ್ಮ ಸಕ್ಕರೆ ನೀರಿಗೆ ನಾವೇಕೆ ಕೊಡಬೇಕು ಎಂಬುದು ಅವರ ವಾದ. ಜಗಳ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಹಾಡು ಬರೆದವರ ಕಡೆಗೆ ಬಂತು. ಇತರರ ರಚನೆಯನ್ನು ನಾಲ್ಕು ಜನರ ಮುಂದೆ ಪ್ರದರ್ಶಿಸಬೇಕಾದರೆ ಅವರ ಒಪ್ಪಿಗೆ ಬೇಕೆಂಬ ಕಾನೂನು ಫ್ರೆಂಚ್ ಕ್ರಾಂತಿಯ ಕಾಲದಲ್ಲೇ, ೧೭೯೧ರಲ್ಲೇ, ಆಗಿತ್ತು. ಕಾನೂನು ಐವತ್ತಾರು ವರ್ಷ ಪುಸ್ತಕದಲ್ಲಿ ಮಲಗಿತ್ತು; ಅದನ್ನು ಎಬ್ಬಿಸಿದ್ದು ಈ ಸಕ್ಕರೆ ನೀರು.

ಗೆದ್ದ ಮೇಲೆ ಅವರಿಗೆ ಇನ್ನೊಂದು ಸತ್ಯ ಹೊಳೆಯಿತು. ಒಂದು ಕಾಫಿಗೃಹದಲ್ಲಿ ಕುಳಿತು ಜಗಳ ಆಡಬಹುದು. ಪ್ಯಾರಿಸ್ಸಿನ ಎಲ್ಲ ಕಾಫಿಗೃಹಗಳಲ್ಲೂ ಒಬ್ಬನೇ ಕೂರುವುದು ಸಾಧ್ಯವೇ? ಆದ್ದರಿಂದ ೧೮೫೧ರಲ್ಲಿ ಎಲ್ಲರೂ ಸೇರಿ ಸಾಸೆಮ್ ಎಂಬ ಸಂಘ ಕಟ್ಟಿದರು. ಅದು ಇಂದಿಗೂ ಇದೆ. ಅದನ್ನು ನೋಡಿ ೧೯೧೪ರಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಇಂಥ ಸಂಘಗಳು ಹುಟ್ಟಿದವು.

ಇದರಿಂದ ಕಲಿಯಬೇಕಾದ ಪಾಠ ಇಷ್ಟು: ಹಕ್ಕು ಒಬ್ಬನಿಗೇ ಇರಬಹುದು, ವಸೂಲಿ ಮಾತ್ರ ಒಬ್ಬನ ಕೈಲಾಗದು. ಸಂಘಕ್ಕೆ ಕೊಡುವ ಶುಲ್ಕ ಈ ವಸೂಲಿಯ ಖರ್ಚು.

ನಮ್ಮ ದೇಶದಲ್ಲಿ ನಡೆದದ್ದು

ಹಾಗಾದರೆ ಸಂಘವಿದ್ದರೆ ಸಾಕೆ? ಸಾಲದು. ಅದಕ್ಕೆ ನಮ್ಮ ದೇಶದ ಕಥೆಯೇ ಸಾಕ್ಷಿ.

೧೯೫೭ರ ಕೃತಿಸ್ವಾಮ್ಯ ಕಾಯಿದೆ ೧೯೫೮ರ ಜನವರಿಯಲ್ಲಿ ಜಾರಿಗೆ ಬಂತು. ದುಡ್ಡು ಕೊಟ್ಟು ಕೆಲಸ ಮಾಡಿಸಿದವನೇ ಕೃತಿಯ ಮೊದಲ ಒಡೆಯ ಎಂಬ ವಿಧಿ ಅದರಲ್ಲಿತ್ತು. ೧೯೬೦ರ ದಶಕದ ಆರಂಭದಲ್ಲಿ ಮುಂಬಯಿಯ ಚಿತ್ರರಂಗದಲ್ಲಿ ಲತಾ ಮಂಗೇಶ್ಕರರು ಹಿನ್ನೆಲೆ ಗಾಯಕರಿಗೂ ರಾಯಲ್ಟಿ ಬೇಕೆಂದು ಕೇಳಿದರು. ಹಾಡಿದ್ದಕ್ಕೆ ಸಂಭಾವನೆ ಪಡೆದ ಮೇಲೆ ಅಲ್ಲಿಗೆ ಲೆಕ್ಕ ಚುಕ್ತಾ ಎಂದು ಮಹಮ್ಮದ್ ರಫಿಯವರು ಹೇಳಿದರು. ಈ ಕಾರಣಕ್ಕೆ ಇಬ್ಬರೂ ಕೆಲವು ವರ್ಷ ಒಟ್ಟಿಗೆ ಹಾಡಲಿಲ್ಲ. ರಫಿಯವರ ಮಾತಿನಲ್ಲಿ ಸಜ್ಜನಿಕೆ ಇತ್ತು, ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಹಾಡಿದವನು ಒಂದು ಸಲ ಹಣ ಪಡೆದ. ಹಾಡನ್ನು ಮಾರಿದವನು ನೂರು ಸಲ ಪಡೆದ. ಒಂದು ಕಡೆ ಚುಕ್ತಾ ಆದ ಲೆಕ್ಕ ಇನ್ನೊಂದು ಕಡೆ ಬೆಳೆಯುತ್ತಲೇ ಹೋಯಿತು.

೧೯೬೯ರಲ್ಲಿ ಸಂಘ ಬಂತು. ಚಿತ್ರಗಳ ಹಾಡುಗಳಿಗೆ ರಾಯಲ್ಟಿ ದರಪಟ್ಟಿ ಪ್ರಕಟಿಸಿತು. ಚಿತ್ರ ನಿರ್ಮಾಪಕರು, ಪ್ರದರ್ಶಕರು ವಿರೋಧಿಸಿದರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ೧೯೭೭ರ ಮಾರ್ಚಿಯಲ್ಲಿ ತೀರ್ಪಾಯಿತು. ಹಣ ಕೊಟ್ಟು ರಾಗ ಹಾಕಿಸಿದ ನಿರ್ಮಾಪಕನೇ ಚಿತ್ರದಲ್ಲಿನ ಆ ಹಕ್ಕಿನ ಒಡೆಯ, ಬೇರೆ ಕರಾರು ಇಲ್ಲದಿದ್ದರೆ ಸಂಗೀತ ನಿರ್ದೇಶಕನಿಗೆ ಕೇಳುವ ಅಧಿಕಾರವಿಲ್ಲ ಎಂದಾಯಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಹಾಡುವವರಿಗೆ ನಮ್ಮ ಕಾನೂನಿನಲ್ಲಿ ಏನೂ ರಕ್ಷಣೆ ಇಲ್ಲವಲ್ಲ ಎಂದು ಮರುಗಿ, ಇದನ್ನು ಸಂಸತ್ತು ಗಮನಿಸಬೇಕೆಂದು ಸೇರಿಸಿದರು. ಹಾಡುವವರ, ನುಡಿಸುವವರ ಹಕ್ಕು ಕಾಯಿದೆಯೊಳಗೆ ಬಂದದ್ದು ೧೯೯೪ರಲ್ಲಿ.

ಮುಂದಿನ ವರ್ಷಗಳಲ್ಲಿ ಕಂಡದ್ದು ಇನ್ನೊಂದು ಬಗೆ. ಸಂಘದ ಒಳಗೇ ಹಾಡು ಬರೆದವರ ಧ್ವನಿಗಿಂತ ಕಂಪೆನಿಗಳ ಧ್ವನಿ ಜೋರಾಗಿದೆ ಎಂಬ ದೂರು ಎದ್ದಿತು. ಬರೆದವರಿಂದ ಎಲ್ಲ ಹಕ್ಕನ್ನೂ ಮೊದಲೇ ಬರೆಸಿಕೊಳ್ಳುವ ಪದ್ಧತಿ ಬೆಳೆದಿತ್ತು. ಕವಿ ಜಾವೇದ್ ಅಖ್ತರರು ರಾಜ್ಯಸಭೆಯಲ್ಲಿ ಕೂತು ಈ ಮಾತನ್ನು ಎತ್ತಿದರು. ೨೦೧೨ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಜೂನ್ ೨೧ರಿಂದ ಜಾರಿಗೆ ಬಂತು. ಈ ತಿದ್ದುಪಡಿಯಲ್ಲಿ ನಿಮಗೆ ಬೇಕಾದ ಅಂಶಗಳನ್ನು ಹೇಳುತ್ತೇವೆ; ಮನಸ್ಸಿನಲ್ಲಿಟ್ಟುಕೊಳ್ಳಿ.

ಹಾಡು ಬರೆದವನು, ರಾಗ ಹಾಕಿದವನು ತನ್ನ ಕೃತಿಯನ್ನು ಕಂಪೆನಿಗೆ ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲಾರ. ಬಿಟ್ಟುಕೊಟ್ಟೆನೆಂದು ಸಹಿ ಹಾಕಿದರೂ ಅದು ನಿಲ್ಲುವುದಿಲ್ಲ. ಆ ಹಕ್ಕನ್ನು ತನ್ನ ವಾರಸುದಾರರಿಗೆ, ಇಲ್ಲವೇ ವಸೂಲು ಮಾಡಿ ಹಂಚುವುದಕ್ಕಾಗಿ ನೋಂದಾಯಿತ ಸಂಘಕ್ಕೆ ಮಾತ್ರ ಕೊಡಬಹುದು. ಸಂಘದ ಆಡಳಿತ ಮಂಡಲಿಯಲ್ಲಿ ಬರೆದವರೂ ಒಡೆಯರೂ ಸಮಸಂಖ್ಯೆಯಲ್ಲಿ ಇರಬೇಕು. ಹಾಡಿದ ನುಡಿಸಿದ ಕಲಾವಿದರಿಗೂ ವ್ಯಾಪಾರದ ಬಳಕೆಯಲ್ಲಿ ರಾಯಲ್ಟಿ ಉಂಟು. ಸೊಸೈಟಿ ಈ ಹೊಸ ಕಾಯಿದೆಯ ಕೆಳಗೆ ೨೦೧೭ರ ನವೆಂಬರಿನಲ್ಲಿ ಮರುನೋಂದಣಿ ಪಡೆಯಿತು.

ಇಷ್ಟು ದೀರ್ಘವಾಗಿ ಯಾಕೆ ಹೇಳಿದೆವು? ೧೯೬೯ರಿಂದ ೨೦೧೨ಕ್ಕೆ ನಲವತ್ತಮೂರು ವರ್ಷ. ಅಷ್ಟು ಕಾಲ ಸಂಘವೂ ಇತ್ತು, ಸದಸ್ಯರೂ ಇದ್ದರು; ಆದರೂ ಬರೆದವನ ಪಾಲು ಭದ್ರವಾಗಿರಲಿಲ್ಲ. ಸಂಘ ಇದೆಯೇ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಸಂಘ ಯಾರ ಕೈಯಲ್ಲಿದೆ ಎಂಬುದು.

ಯಾರು ಕಟ್ಟಬೇಕು, ಯಾರು ಕಟ್ಟಬೇಕಾಗಿಲ್ಲ

ಈಗ ನಿಮ್ಮ ನಿಮ್ಮ ಲೆಕ್ಕಕ್ಕೆ ಬರೋಣ.

ಓಲಗದ ಅಣ್ಣಂದಿರೇ, ನೀವು ನುಡಿಸುವುದು ತ್ಯಾಗರಾಜರ ಕೀರ್ತನೆ, ದಾಸರ ಪದ, ಹಳೆಯ ಮಂಗಳದ ಹಾಡು. ಇವಕ್ಕೆ ಇಂದು ಕೃತಿಸ್ವಾಮ್ಯವಿಲ್ಲ. ನಡುವೆ ಒಂದು ಸಿನಿಮಾ ಹಾಡು ನುಡಿಸಿದರೂ, ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಂಭ್ರಮ, ಧಾರ್ಮಿಕ ಸಮಾರಂಭ ಇವುಗಳಲ್ಲಿ ಹಾಡುವುದಕ್ಕೆ ನುಡಿಸುವುದಕ್ಕೆ ಕಾಯಿದೆಯ ೫೨ನೆಯ ವಿಧಿ ವಿನಾಯಿತಿ ಕೊಟ್ಟಿದೆ. ಅಲ್ಲಿ ಯಾರೂ ರಾಯಲ್ಟಿ ಕೇಳುವಂತಿಲ್ಲ, ಯಾರಿಗೂ ಬರುವುದೂ ಇಲ್ಲ. ಹಾಗಿರುವಾಗ ಹಾಡು ಬರೆದವರ ಸಂಘಕ್ಕೆ ನೀವು ಹಣ ಕಟ್ಟಿ ಪಡೆಯುವುದೇನು? ಏನೂ ಇಲ್ಲ. "ಇದಕ್ಕೆ ಸದಸ್ಯನಾಗದಿದ್ದರೆ ಲಗ್ನದಲ್ಲಿ ನುಡಿಸುವ ಹಾಗಿಲ್ಲ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ನಿಮಗೆ ಬೇಕಾದದ್ದು ಮೂರನೆಯ ಬಗೆಯ ಸಂಘ. ಆ ಮಾತಿಗೆ ಬರುತ್ತೇವೆ.

ಹಾಡು ಬರೆಯುವವರೇ, ರಾಗ ಹಾಕುವವರೇ, ನಿಮ್ಮ ಲೆಕ್ಕ ಬೇರೆ. ಪ್ರವೇಶ ಶುಲ್ಕ ಒಂದು ಸಾವಿರ ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ನಿಮ್ಮ ಹಾಡಿನಿಂದ ವರ್ಷಕ್ಕೆ ಐವತ್ತು ರೂಪಾಯಿ ಬರುವ ಹಾಗಿದ್ದರೆ ಶುಲ್ಕ ಹಿಂದಿರುಗುವುದಕ್ಕೇ ಇಪ್ಪತ್ತು ವರ್ಷ ಬೇಕು. ವರ್ಷಕ್ಕೆ ಐನೂರು ಬರುವ ಹಾಗಿದ್ದರೆ ಎರಡೇ ವರ್ಷ. ಆದ್ದರಿಂದ ಮೊದಲು ಕೇಳಿಕೊಳ್ಳಿ: ನನ್ನ ಹಾಡು ಎಲ್ಲಿಯಾದರೂ ಪ್ರಸಾರವಾಗುತ್ತಿದೆಯೇ? ಕಂಪೆನಿಯೊಂದು ಅದನ್ನು ಮುದ್ರಿಸಿ ಮಾರುತ್ತಿದೆಯೇ? ಆಗುತ್ತಿದ್ದರೆ ತಡಮಾಡದೆ ಸೇರಿ. ಬರಿಯ ಶಾಲೆಯ ವಾರ್ಷಿಕೋತ್ಸವದಲ್ಲಿ, ಊರ ಗಣೇಶನ ಮುಂದೆ ಹಾಡುವುದಾದರೆ ಆತುರ ಬೇಡ. ಹಾಡು ಊರು ದಾಟಲಿ, ಆಗ ಸೇರಿದರಾಯಿತು.

ಆದರೆ ಇದಕ್ಕೆ ಎರಡು ಮಾತು ಸೇರಿಸಬೇಕು. ಒಂದು, ರಚಕನ ಹಕ್ಕು ಅವನು ಸತ್ತ ಮೇಲೂ ಅರವತ್ತು ವರ್ಷ ಇರುತ್ತದೆ. ಇಂದು ಕಟ್ಟಿದ ಶುಲ್ಕ ಮಗಳ ಕಾಲಕ್ಕೆ, ಮೊಮ್ಮಗನ ಕಾಲಕ್ಕೆ ಫಲ ಕೊಡಬಹುದು. ಹಾಡು ಬಾಳುವಂಥದು ಎಂಬ ನಂಬಿಕೆ ಇದ್ದವರು ಈ ವರ್ಷದ ಲಾಭವೊಂದನ್ನೇ ನೋಡಬಾರದು. ಎರಡು, ಹಣ ಕಟ್ಟಿ ಸುಮ್ಮನೆ ಕೂತರೆ ಏನೂ ಬರುವುದಿಲ್ಲ. ನಿಮ್ಮ ಪ್ರತಿಯೊಂದು ಹಾಡಿನ ಹೆಸರು, ಬರೆದವರು ಯಾರು, ರಾಗ ಯಾರದು, ಹಾಡಿದವರು ಯಾರು, ಯಾವ ವರ್ಷ, ಯಾವ ಕಂಪೆನಿ ಇವೆಲ್ಲವನ್ನೂ ಸಂಘದ ದಫ್ತರಿನಲ್ಲಿ ದಾಖಲು ಮಾಡಿಸಬೇಕು. ದಾಖಲಾಗದ ಹಾಡಿಗೆ ಬಂದ ಹಣ ವಿಳಾಸವಿಲ್ಲದ ಕಾಗದದಂತೆ; ಯಾರ ಬಾಗಿಲಿಗೂ ತಲಪುವುದಿಲ್ಲ.

ಸ್ಟುಡಿಯೋಗಳಲ್ಲಿ ಹಾಡುವವರಿಗೆ, ನುಡಿಸುವವರಿಗೆ ಒಂದು ಎಚ್ಚರಿಕೆ. ನಿಮ್ಮ ಹಕ್ಕು ಐವತ್ತು ವರ್ಷದ್ದು. ಆದರೆ ಸಿನಿಮಾದಲ್ಲಿ ಹೆಸರು ಹಾಕದೆ ಬಿಡುವಂಥ ಸಾಂದರ್ಭಿಕ ಕೆಲಸ ಮಾಡಿದವರನ್ನು ಕಾಯಿದೆ ಈ ಹಕ್ಕಿನಿಂದ ಹೊರಗಿಟ್ಟಿದೆ. ಆದ್ದರಿಂದ ಹೆಸರು ಹಾಕಿಸಿಕೊಳ್ಳುವುದು ಕೇವಲ ಪ್ರತಿಷ್ಠೆಯ ವಿಷಯವಲ್ಲ, ಅನ್ನದ ವಿಷಯ. ಕರಾರನ್ನು ಬರಹದಲ್ಲಿ ಕೇಳಿ. ಎಷ್ಟು ಕಾಲಕ್ಕೆ ಹಕ್ಕು ಕೊಟ್ಟಿದ್ದೇವೆಂದು ಕರಾರಿನಲ್ಲಿ ಬರೆಯದಿದ್ದರೆ ಅದು ಐದು ವರ್ಷಕ್ಕೆಂದೂ, ಎಲ್ಲಿಗೆಂದು ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ಇದು ಗೊತ್ತಿದ್ದವನಿಗೆ ಒಂದು ಕಾಸು ಶುಲ್ಕವಿಲ್ಲದೆ ಸಿಕ್ಕ ರಕ್ಷಣೆ.

ದರದ ಸಂಘ

ಈಗ ಮೂರನೆಯದಕ್ಕೆ ಬರೋಣ. ಇಲ್ಲಿ ಸೇರಿರುವ ಹೆಚ್ಚು ಮಂದಿಗೆ ಬೇಕಾದ್ದು ಇದು.

೧೮೯೩ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ನಾಟಕಶಾಲೆಯ ವಾದ್ಯವೃಂದದಲ್ಲಿದ್ದ ಜೋಸೆಫ್ ವಿಲಿಯಮ್ಸ್ ಎಂಬ ಕ್ಲಾರಿಯೊನೆಟ್ ವಾದಕ ಊರಿನ ವಾದ್ಯಗಾರರಿಗೆಲ್ಲ ಹೆಸರಿಲ್ಲದ ಕಾಗದ ಬರೆದು ಸಭೆ ಕರೆದ. ಅವನ ಮಾತಿನ ತಾತ್ಪರ್ಯವಿಷ್ಟು: ಹವ್ಯಾಸಕ್ಕೆ ನುಡಿಸಿ ದರ ಕೆಡಿಸುವವರಿಂದ ನಮಗೆ ರಕ್ಷಣೆ ಬೇಕು, ನೀತಿಗೆಟ್ಟ ಮಾಲೀಕರಿಂದ ರಕ್ಷಣೆ ಬೇಕು, ಮೂರನೆಯದಾಗಿ ನಮ್ಮಿಂದಲೇ ನಮಗೆ ರಕ್ಷಣೆ ಬೇಕು. ಆ ಸಭೆಯಿಂದ ಹುಟ್ಟಿದ ಸಂಘವೇ ೧೯೨೧ರಲ್ಲಿ ಇನ್ನೊಂದರೊಡನೆ ಕೂಡಿ ಮ್ಯುಜಿಶಿಯನ್ಸ್ ಯೂನಿಯನ್ ಆಯಿತು. ವಾದ್ಯಗಳಿಗೆ ವಿಮೆ, ಬಾಕಿ ವಸೂಲಿಗೆ ವಕೀಲರ ನೆರವು ಇವನ್ನು ಅದು ಇಂದೂ ಸದಸ್ಯರಿಗೆ ಒದಗಿಸುತ್ತದೆ.

ನಮ್ಮಿಂದಲೇ ನಮಗೆ ರಕ್ಷಣೆ ಎಂಬ ಮಾತನ್ನು ಸ್ವಲ್ಪ ಯೋಚಿಸಿ. ಒಂದು ಮನೆಯ ಲಗ್ನಕ್ಕೆ ಒಂದು ತಂಡ ದರ ಹೇಳುತ್ತದೆ. ಸಂಜೆಗೆ ಇನ್ನೊಂದು ತಂಡದವರು ಹೋಗಿ ಐನೂರು ಕಡಮೆಗೆ ವೀಳ್ಯ ಹಿಡಿಯುತ್ತಾರೆ. ಮುಂದಿನ ಲಗ್ನಕ್ಕೆ ಮೊದಲ ತಂಡದವರು ಸೇಡು ತೀರಿಸಿಕೊಳ್ಳುತ್ತಾರೆ. ಎರಡು ಲಗ್ನದಲ್ಲೂ ಗೆದ್ದವರು ಯಾರು? ಬೀಗರು ಗೆದ್ದರು, ಮಧ್ಯೆ ನಿಂತ ದಲ್ಲಾಳಿ ಗೆದ್ದ. ಎರಡು ತಂಡವೂ ಸೋತವು. ಇಲ್ಲಿ ಶತ್ರು ಯಾವ ಬಂಡವಾಳಗಾರನೂ ಅಲ್ಲ. ನಮ್ಮ ಹಸಿವನ್ನು ನಮ್ಮ ಮೇಲೆಯೇ ಛೂ ಬಿಟ್ಟಿದ್ದೇವೆ.

ಲೆಕ್ಕ ಹೀಗಿದೆ. ತಿಂಗಳಿಗೆ ಇಪ್ಪತ್ತು ರೂಪಾಯಿ ವಂತಿಗೆ ಎಂದಿಟ್ಟುಕೊಂಡರೆ ವರ್ಷಕ್ಕೆ ಇನ್ನೂರ ನಲವತ್ತು. ಒಬ್ಬ ವಾದ್ಯಗಾರನಿಗೆ ವರ್ಷಕ್ಕೆ ನಲವತ್ತು ಕಾರ್ಯಕ್ರಮ ಸಿಗುತ್ತವೆ ಎನ್ನಿ. ಪೈಪೋಟಿಯಿಂದ ತಲೆಗೆ ಇನ್ನೂರು ರೂಪಾಯಿ ಇಳಿದರೆ ವರ್ಷದ ನಷ್ಟ ಎಂಟು ಸಾವಿರ. ಎಲ್ಲರೂ ಒಂದು ಕನಿಷ್ಠ ದರಕ್ಕೆ ಕಟ್ಟುಬಿದ್ದು ಈ ಇಳಿತ ನಿಂತರೆ, ಕಟ್ಟಿದ ವಂತಿಗೆಯ ಮೂವತ್ತಮೂರು ಪಾಲು ಹಿಂದಕ್ಕೆ ಬಂತು. ಎರಡು ಕಾರ್ಯಕ್ರಮದಲ್ಲಿ ದರ ನಿಂತರೂ ವಂತಿಗೆ ಹುಟ್ಟಿ ನೂರ ಅರವತ್ತು ರೂಪಾಯಿ ಮಿಕ್ಕಿತು.

ಆದರೆ ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ನೂರು ವಾದ್ಯಗಾರರಿರುವ ಕಡೆ ಹತ್ತು ಮಂದಿ ಸೇರಿದರೆ ದರ ನಿಲ್ಲುವುದಿಲ್ಲ. ಆ ಹತ್ತು ಮಂದಿಗೆ ಇದ್ದ ಕೆಲಸವೂ ಹೋದೀತು. ಎಂಬತ್ತು ಮಂದಿ ಸೇರಿದರೆ ನಿಲ್ಲುತ್ತದೆ. ಹಾಡಿನ ಸಂಘದ ಶುಲ್ಕವನ್ನು ಒಬ್ಬೊಬ್ಬರೇ ಕೂತು ಲೆಕ್ಕ ಹಾಕಬಹುದು. ದರದ ಸಂಘದ ವಂತಿಗೆಯನ್ನು ಒಬ್ಬನೇ ಕೂತು ಲೆಕ್ಕ ಹಾಕಿದರೆ ಉತ್ತರ ಎಂದಿಗೂ ತಪ್ಪಾಗಿಯೇ ಬರುತ್ತದೆ. ಅದನ್ನು ಎಲ್ಲರೂ ಒಟ್ಟಿಗೆ ಕೂತೇ ಹಾಕಬೇಕು. ಈ ಸಭೆಯನ್ನು ಕರೆದದ್ದು ಅದಕ್ಕೇ.

ಅಮೆರಿಕದ ವಾದ್ಯಗಾರರು ೧೯೪೨ರ ಆಗಸ್ಟ್ ೧ರಂದು ಧ್ವನಿಮುದ್ರಣವನ್ನೇ ನಿಲ್ಲಿಸಿದರು. ಜೇಮ್ಸ್ ಪೆಟ್ರಿಲೋ ಅವರ ಸಂಘದ ಅಧ್ಯಕ್ಷ. ನಮ್ಮ ಪ್ಲೇಟುಗಳನ್ನೇ ಹಾಕಿ ನಮ್ಮ ಕೆಲಸ ಕಸಿಯುತ್ತೀರಿ, ಮಾರಿದ ಪ್ಲೇಟಿಗೆ ಇಷ್ಟೆಂದು ನಿಧಿಗೆ ಹಣ ಕೊಡಿ ಎಂಬುದು ಬೇಡಿಕೆ. ೧೯೪೩ರಲ್ಲಿ ಒಂದು ದೊಡ್ಡ ಕಂಪೆನಿ ಒಪ್ಪಿತು. ಉಳಿದೆರಡು ದೊಡ್ಡ ಕಂಪೆನಿಗಳು ೧೯೪೪ರ ನವೆಂಬರಿನಲ್ಲಿ ಮಣಿದವು. ಆ ನಿಧಿಯಿಂದ ಕೆಲಸವಿಲ್ಲದ ವಾದ್ಯಗಾರರಿಗೆ ಸಂಬಳ ಕೊಟ್ಟು ಜನರಿಗಾಗಿ ಉಚಿತ ಕಚೇರಿಗಳನ್ನು ಏರ್ಪಡಿಸಿದರು. ಇದು ಒಗ್ಗಟ್ಟಿನ ಗೆಲುವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ದುಡಿಯುವವರು, ನಾವು ನುಡಿಸಿದ್ದರ ಹಣವೆಲ್ಲ ನಿಧಿಗೇ ಹೋಗುತ್ತದೆ, ನಮ್ಮನ್ನು ಯಾರೂ ಕೇಳುವುದಿಲ್ಲ ಎಂದು ೧೯೫೬ರಲ್ಲಿ ತಿರುಗಿ ಬಿದ್ದರು. ೧೯೫೮ರಲ್ಲಿ ಬೇರೆ ಸಂಘವನ್ನೇ ಕಟ್ಟಿದರು. ನಿಧಿಯ ಉದ್ದೇಶ ಒಳ್ಳೆಯದೇ. ದುಡಿದವನನ್ನು ಕೇಳದೆ ಅವನ ಪಾಲನ್ನು ಧರ್ಮಕ್ಕೆ ಕೊಟ್ಟರೂ ಸಂಘ ಒಡೆಯುತ್ತದೆ ಎಂಬುದನ್ನು ಇದರಿಂದ ತಿಳಿಯಬೇಕು.

ರಸೀತಿ, ಲೆಕ್ಕ, ಮತ

ಯಾವ ಸಂಘವೇ ಆಗಲಿ, ಹಣ ಕೊಡುವ ಮುಂಚೆ ಈ ಪ್ರಶ್ನೆಗಳನ್ನು ಎದ್ದು ನಿಂತು ಕೇಳಿ. ನೋಂದಣಿ ಆಗಿದೆಯೇ, ಯಾವ ಕಾಯಿದೆಯ ಕೆಳಗೆ? ಶುಲ್ಕ ಒಂದೇ ಸಲವೋ, ವರ್ಷ ವರ್ಷವೋ? ಒಬ್ಬ ಸದಸ್ಯನಿಗೆ ಒಂದೇ ಮತವೋ, ಹೆಚ್ಚು ಹಣ ತಂದವನಿಗೆ ಹೆಚ್ಚು ಮತವೋ? ಕಳೆದ ವರ್ಷದ ಜಮಾಖರ್ಚನ್ನು ಸದಸ್ಯರ ಮುಂದೆ ಓದಿದರೇ? ವಸೂಲಾದ ಹಣದಲ್ಲಿ ದಫ್ತರಿನ ಖರ್ಚೆಷ್ಟು, ಹಂಚಿದ್ದೆಷ್ಟು? ಬೇಡವೆನಿಸಿದಾಗ ಬಿಟ್ಟು ಹೊರಬರಬಹುದೇ? ಕೃತಿಸ್ವಾಮ್ಯದ ಸಂಘಗಳಲ್ಲಿ ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆಯುವ ಹಕ್ಕನ್ನು ಕಾಯಿದೆಯ ೩೪ನೆಯ ವಿಧಿಯೇ ಕೊಟ್ಟಿದೆ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕಾರ್ಯದರ್ಶಿ ಇದ್ದರೆ ನಿಮಗೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ರಸೀತಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪುಕ್ಕಟೆಯಾಗಿ ಸಿಗುವುದಕ್ಕೆ ಯಾರಿಗೂ ಹಣ ಕೊಡಬೇಡಿ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ೨೦೨೧ರ ಆಗಸ್ಟಿನಲ್ಲಿ ಆರಂಭವಾಯಿತು, ಅದಕ್ಕೆ ಶುಲ್ಕವಿಲ್ಲ. ಕಾರ್ಡು ಮಾಡಿಸಿಕೊಡುವ ನೆಪದಲ್ಲಿ ಸದಸ್ಯತ್ವ ಮಾರುವವರಿಂದ ದೂರವಿರಿ.

ಹಾಗೆಂದು ದಾಖಲೆಯೇ ಬೇಡವೆಂದಲ್ಲ. ೨೦೨೦ರಲ್ಲಿ ಕೊರೋನಾ ಬಂದು ಲಗ್ನ, ಜಾತ್ರೆ, ನಾಟಕ ಎಲ್ಲ ನಿಂತದ್ದು ನಿಮಗೆ ನೆನಪಿದೆ. ವಾದ್ಯಗಳನ್ನು ಅಡವಿಟ್ಟವರು ಇಲ್ಲಿಯೇ ಇದ್ದೀರಿ. ೨೦೨೧ರಲ್ಲಿ ರಾಜ್ಯ ಸರಕಾರ ಕಲಾವಿದರಿಗೆ ಮೂರು ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಆ ಹಣ ಎಷ್ಟು ದಿನಕ್ಕೆ ಸಾಕಾಯಿತು ಎಂಬ ಮಾತು ಬೇರೆ. ಅದನ್ನು ಪಡೆಯಬೇಕಾದರೂ ನಾನು ಕಲಾವಿದನೆಂದು ಕಾಗದದಲ್ಲಿ ತೋರಿಸಬೇಕಾಯಿತು. ಮೂವತ್ತು ವರ್ಷ ಊರ ದೇವರ ಮುಂದೆ ಸನಾದಿ ಊದಿದವನ ಬಳಿ ಯಾವ ಕಾಗದವಿತ್ತು? ಸಂಘದ ಸದಸ್ಯರ ಪಟ್ಟಿ ಇದ್ದಿದ್ದರೆ ಅದೇ ಅವನ ಸಾಕ್ಷಿಯಾಗುತ್ತಿತ್ತು. ಇದು ರೂಪಾಯಿ ಲೆಕ್ಕದಲ್ಲಿ ಬಾರದ ಲಾಭ.

ಎದ್ದಿರುವ ಆಕ್ಷೇಪಗಳು

"ನಮ್ಮ ಜಾತಿಯ ಸಂಘವೇ ಇದೆಯಲ್ಲ" ಎಂದು ಕೆಲವರು ಹೇಳುತ್ತೀರಿ. ಜಾತಿಯ ಸಂಘ ಕಲ್ಯಾಣ ಮಂಟಪ ಕಟ್ಟಿಸೀತು. ಅದೇ ಮಂಟಪದಲ್ಲಿ ನುಡಿಸುವವನ ಕೂಲಿ ಹೆಚ್ಚಿಸುವುದಿಲ್ಲ. ಡೋಲು ಬಾರಿಸುವವನೂ, ಕೀಬೋರ್ಡು ನುಡಿಸುವವನೂ, ಹಲಗೆ ಹಿಡಿದವನೂ ಒಂದೇ ಪಟ್ಟಿಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂರದಿದ್ದರೆ ದರ ನಿಲ್ಲುವುದಿಲ್ಲ. ಊಟದ ಎಲೆಯನ್ನು ಹೊರಗೆ ಹಾಕಿಸಿಕೊಂಡು ನುಡಿಸಿ ಬರುವ ಪದ್ಧತಿ ಇನ್ನೂ ಎಲ್ಲಿಯಾದರೂ ಉಳಿದಿದ್ದರೆ, ಅದನ್ನು ನಿಲ್ಲಿಸುವ ಶಕ್ತಿಯೂ ಇಂಥ ಸಂಘಕ್ಕೇ ಬರಬೇಕು.

ಹಾಡುವ ಸೋದರಿಯರ ಮಾತು ಇನ್ನೊಂದು. ರಾತ್ರಿ ಒಂದು ಗಂಟೆಗೆ ಕಾರ್ಯಕ್ರಮ ಮುಗಿದ ಮೇಲೆ ಮನೆಗೆ ತಲಪಿಸುವ ಹೊಣೆ ಯಾರದು? ದರದ ಜೊತೆಗೆ ವಾಹನದ ಮಾತೂ ಕರಾರಿನಲ್ಲಿ ಸೇರಬೇಕು. ಒಬ್ಬಳೇ ಕೇಳಿದರೆ "ಬೇರೆಯವರನ್ನು ಕರೆಸುತ್ತೇವೆ" ಎನ್ನುತ್ತಾರೆ. ಸಂಘ ಕೇಳಿದರೆ ಹಾಗೆ ಹೇಳುವುದಕ್ಕೆ ಬೇರೆಯವರು ಇರುವುದಿಲ್ಲ.

"ವಂತಿಗೆ ಕೊಡದವನಿಗೂ ಹೆಚ್ಚಿದ ದರ ಸಿಗುತ್ತದೆ, ನಾನು ಮಾತ್ರ ಯಾಕೆ ಕೊಡಲಿ" ಎಂಬುದು ಮೂರನೆಯ ಆಕ್ಷೇಪ. ಇದು ನಿಜವಾದ ತೊಡಕು. ಇದಕ್ಕೆ ಎರಡು ಉಪಾಯ. ಬಾಕಿ ವಸೂಲಿ, ವಾದ್ಯ ರಿಪೇರಿಗೆ ಸಾಲ, ಸಾವು ನೋವಿನಲ್ಲಿ ನೆರವು ಇವು ಸದಸ್ಯರಿಗೆ ಮಾತ್ರ ಎಂದು ಇಡುವುದು ಒಂದು. ವಂತಿಗೆಯನ್ನು ಬಡವನೂ ಕೊಡಬಲ್ಲಷ್ಟು ಕಡಮೆ ಇಡುವುದು ಇನ್ನೊಂದು. ೧೯೨೬ರ ಕಾರ್ಮಿಕ ಸಂಘಗಳ ಕಾಯಿದೆ ೨೦೦೧ರಲ್ಲಿ ತಿದ್ದುಪಡಿಯಾದಾಗ ಗ್ರಾಮೀಣ ಕಾರ್ಮಿಕರಿಗೆ ಕನಿಷ್ಠ ವಂತಿಗೆ ವರ್ಷಕ್ಕೆ ಒಂದೇ ರೂಪಾಯಿ ಎಂದಿತ್ತು. ಆ ಕಾಯಿದೆ ೨೦೨೫ರ ನವೆಂಬರ್ ೨೧ರಿಂದ ಹೋಗಿ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಕಾಯಿದೆ ಬದಲಾದರೂ ಆ ಒಂದು ರೂಪಾಯಿಯ ಹಿಂದಿದ್ದ ವಿವೇಕವನ್ನು ನಾವು ಮರೆಯಬಾರದು. ಬಾಗಿಲಲ್ಲಿ ದೊಡ್ಡ ಶುಲ್ಕ ಇಟ್ಟ ಸಂಘ, ಯಾರಿಗೆ ಹೆಚ್ಚು ಬೇಕೋ ಅವರನ್ನೇ ಹೊರಗೆ ನಿಲ್ಲಿಸುತ್ತದೆ.

ಸಣ್ಣ ಹಣದಿಂದ ಏನಾದೀತು ಎನ್ನುವವರು ಗದಗಿನ ಹತ್ತಿರದ ಕಣಗಿನಹಾಳವನ್ನು ನೆನೆಯಲಿ. ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಹಳ್ಳಿಯಲ್ಲಿ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಸಂಘವೆಂದು ಅದಕ್ಕೆ ಹೆಸರು. ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದ ರೈತರು ತಮ್ಮ ತಮ್ಮ ಕಾಸು ಕೂಡಿಸಿ ತಮ್ಮದೇ ಪೆಟ್ಟಿಗೆ ಮಾಡಿಕೊಂಡರು. ಒಕ್ಕಲಿಗರಿಗೆ ಆದದ್ದು ವಾದ್ಯಗಾರರಿಗೆ ಆಗದೆ?

ನಮ್ಮ ಸಲಹೆ

ಇಷ್ಟು ಹೇಳಿ ನಮ್ಮ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತೇವೆ.

ಹಾಡು ಬರೆದು, ರಾಗ ಹಾಕಿ, ಅದು ಪ್ರಸಾರವಾಗುತ್ತಿರುವವರು ಹಕ್ಕಿನ ಸಂಘಕ್ಕೆ ಶುಲ್ಕ ಕಟ್ಟಿ ಸೇರಿ; ಹಾಡುಗಳನ್ನು ದಾಖಲು ಮಾಡಿಸಿ; ವರ್ಷದ ಸಭೆಯ ಕಾಗದ ಬಂದಾಗ ಓದಿ, ಮತ ಹಾಕಿ. ಪ್ರಸಾರವಿಲ್ಲದವರು ಕಾಯಿರಿ. ಧ್ವನಿಮುದ್ರಣದಲ್ಲಿ ಹಾಡಿ ನುಡಿಸುವವರು ಮೊದಲು ಹೆಸರು ಮತ್ತು ಕರಾರು ಗಟ್ಟಿಮಾಡಿಕೊಂಡು, ಆಮೇಲೆ ಕಲಾವಿದರ ಸಂಘದ ನಿಯಮ ಓದಿ ತೀರ್ಮಾನಿಸಿ. ಲಗ್ನ, ಜಾತ್ರೆ, ನಾಟಕಗಳಲ್ಲಿ ದುಡಿಯುವವರು ದೂರದ ಸಂಘಕ್ಕೆ ಹಣ ಕಳಿಸುವ ಬದಲು ಇಲ್ಲಿಯೇ ನಿಮ್ಮ ಸಂಘ ಕಟ್ಟಿ. ಕರ್ನಾಟಕದ ೧೯೬೦ರ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಜನ ಸಾಕು. ಆದರೆ ಏಳು ಜನರಿಂದ ನೋಂದಣಿ ಆಗುತ್ತದೆಯೇ ಹೊರತು ದರ ನಿಲ್ಲುವುದಿಲ್ಲ. ಅದಕ್ಕೆ ನೀವೆಲ್ಲರೂ ಬೇಕು.

ಆದ್ದರಿಂದ ಇಂದೇ ಯಾರಿಂದಲೂ ಹಣ ಎತ್ತಬೇಡಿ. ಪ್ರತಿ ತಾಲ್ಲೂಕಿನಿಂದ ಇಬ್ಬರಂತೆ ಆರಿಸಿ, ಅವರಲ್ಲಿ ಹೆಣ್ಣುಮಕ್ಕಳೂ ಇರಲಿ, ಹಲಗೆಯವರೂ ಇರಲಿ. ಅವರು ವಾದ್ಯಗಾರರ ಪಟ್ಟಿ ಮಾಡಲಿ, ಈಗ ನಡೆಯುತ್ತಿರುವ ದರ ಬರೆದು ತರಲಿ. ಎಂಟಾಣೆ ಪಾಲು ಮಂದಿಗಿಂತ ಹೆಚ್ಚು ಒಪ್ಪಿದ ದಿನ ನಿಯಮಾವಳಿ ಓದಿ, ತಿದ್ದಿ, ಕೈ ಎತ್ತಿ ಅಂಗೀಕರಿಸಿ. ಆಮೇಲೆ ವಂತಿಗೆ ಕೊಡಿ, ರಸೀತಿ ಪಡೆಯಿರಿ. ಆಷಾಢದಲ್ಲಿ ವಂತಿಗೆ ತಪ್ಪಿದವನ ಹೆಸರನ್ನು ಪಟ್ಟಿಯಿಂದ ಹೊಡೆಯಬಾರದು ಎಂಬ ಒಂದು ನಿಯಮವನ್ನು ಮಾತ್ರ ಮರೆಯದೆ ಸೇರಿಸಿ.

ವಂತಿಗೆ ದೊಡ್ಡದೋ ಚಿಕ್ಕದೋ ಎಂಬುದನ್ನು ಅದು ಕೊಂಡುತರುವ ವಸ್ತುವಿನಿಂದ ಅಳೆಯಬೇಕು. ಗೋಡೆಗೆ ತೂಗುಹಾಕುವ ಪ್ರಮಾಣಪತ್ರವೊಂದನ್ನೇ ತಂದರೆ ಹತ್ತು ರೂಪಾಯಿಯೂ ದುಬಾರಿ. ಮುಂದಿನ ಲಗ್ನಕ್ಕೆ ದರ ಹೇಳುವಾಗ ತಲೆ ತಗ್ಗಿಸದೆ ಹೇಳುವ ಧೈರ್ಯವನ್ನು ತಂದರೆ ಅದಕ್ಕಿಂತ ಅಗ್ಗದ ವಸ್ತು ಈ ಪೇಟೆಯಲ್ಲಿ ಬೇರೆ ಇಲ್ಲ. ಯಾವುದನ್ನು ತರುತ್ತದೆ ಎಂಬುದು ಕಟ್ಟುವವರ ಕೈಯಲ್ಲಿದೆ, ಅಂದರೆ ನಿಮ್ಮ ಕೈಯಲ್ಲಿದೆ.